ಮನೋವೈದ್ಯರ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಹಳಿಯಾಳ ತಾಲ್ಲೂಕಿನ ತೇರಗಾಂವ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಜೋರಾದರೆ ಮನೆಯವರು ಧಾರವಾಡದ ದಾರಿ ಹಿಡಿಯುತ್ತಾರೆ. ಜಿಲ್ಲಾ ಕೇಂದ್ರ ಕಾರವಾರಕ್ಕೆ ಘಟ್ಟ ಇಳಿದು ಹೋಗಬೇಕು. ಧಾರವಾಡ ಹತ್ತಿರ, ಅಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಖಾಸಗಿ ಮನೋವೈದ್ಯರೂ ಇದ್ದಾರೆ. ಹೋಗಿ ತೋರಿಸಿ, ಗುಳಿಗೆ ಚೀಟಿ ಹಿಡಿದು ಊರಿಗೆ ಮರಳುತ್ತಾರೆ. ಬಹಳ ಮಂದಿ ಸುಧಾರಿಸುತ್ತಾರೆ. ಕೆಲವೊಮ್ಮೆ ಹಾಗಾಗುವುದಿಲ್ಲ. ಗುಳಿಗೆಯಿಂದಲೇ ಹೊಸ ತೊಂದರೆ ಶುರುವಾಗುತ್ತದೆ, ಇಲ್ಲವೇ ಆಸ್ಪತ್ರೆಯಿಂದ ಬಂದ ಕೆಲವೇ ದಿನಗಳಲ್ಲಿ ಜೀವವೇ ಹೋಗುತ್ತದೆ. ಆಗ ಮನೆಯಲ್ಲಿ ಏಳುವ ಮಾತು: “ಡಾಕ್ಟರು ಸರಿಯಾಗಿ ನೋಡಲಿಲ್ಲ, ಕೇಸ್ ಹಾಕೂಣು.” ವೈದ್ಯರ ಕಡೆಯಿಂದ ಬರುವ ಮಾತೇ ಬೇರೆ: “ಇಂಥ ಪೇಷಂಟ್ ತಗೊಂಡ್ರ ನಾಳೆ ನಮ್ಮ ಮ್ಯಾಲೆ ಬರ್ತದ, ದೊಡ್ಡ ಆಸ್ಪತ್ರೆಗೆ ಕಳಸ್ರಿ.” ಒಂದರ ಹಿಂದೆ ನೋವಿದೆ, ಇನ್ನೊಂದರ ಹಿಂದೆ ಭಯವಿದೆ. ಕಾನೂನು ನಿಜಕ್ಕೂ ಏನು ಕೇಳುತ್ತದೆ ಎಂಬುದು ಮಾತ್ರ ಎರಡೂ ಕಡೆ ಸ್ಪಷ್ಟವಿಲ್ಲ.

ವೈದ್ಯಕೀಯ ನಿರ್ಲಕ್ಷ್ಯವನ್ನು ಅಳೆಯಲು ನಮ್ಮ ನ್ಯಾಯಾಲಯಗಳು ಇಂದಿಗೂ ಬಳಸುವ ಅಳತೆಗೋಲು ಹುಟ್ಟಿದ್ದು ಒಂದು ಮಾನಸಿಕ ಆಸ್ಪತ್ರೆಯಲ್ಲಿ. 1954ರ ಆಗಸ್ಟ್‌ನಲ್ಲಿ ಲಂಡನ್ನಿನ ಫ್ರಿಯರ್ನ್ ಆಸ್ಪತ್ರೆಯಲ್ಲಿ ಖಿನ್ನತೆಗಾಗಿ ದಾಖಲಾಗಿದ್ದ ಜಾನ್ ಬೊಲಮ್ ಎಂಬವರಿಗೆ ವಿದ್ಯುತ್ ಚಿಕಿತ್ಸೆ ಕೊಟ್ಟರು. ನಮ್ಮವರು “ಕರೆಂಟ್ ಕೊಡೋದು” ಎನ್ನುವುದು ಇದನ್ನೇ. ಸ್ನಾಯುಗಳನ್ನು ಸಡಿಲಿಸುವ ಔಷಧಿ ಕೊಟ್ಟಿರಲಿಲ್ಲ. ಮೈ ಅದುರುವಾಗ ಕೈಕಾಲು ಗಟ್ಟಿಯಾಗಿ ಹಿಡಿದುಕೊಂಡಿರಲೂ ಇಲ್ಲ. ಮೂಳೆ ಮುರಿಯುವ ಸಾಧ್ಯತೆಯಿದೆ ಎಂದು ಮೊದಲೇ ಹೇಳಿರಲಿಲ್ಲ. ಅವರ ಸೊಂಟದ ಎರಡೂ ಕೀಲುಗಳು ಮುರಿದವು. 1957ರಲ್ಲಿ ವಿಚಾರಣೆ ನಡೆದಾಗ, ಆ ಔಷಧಿ ಕೊಡಬೇಕೋ ಬೇಡವೋ ಎಂಬ ಬಗ್ಗೆ ವೈದ್ಯರಲ್ಲೇ ಎರಡು ಪಂಗಡಗಳಿದ್ದದ್ದು ಹೊರಬಿತ್ತು. ಔಷಧಿಗೂ ಅದರದ್ದೇ ಆದ ಅಪಾಯವಿತ್ತು. ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದ್ದು ಇಷ್ಟು: ಆ ವಿದ್ಯೆಯಲ್ಲಿ ಪಳಗಿದ, ಹೊಣೆಯರಿತ ವೈದ್ಯರ ಒಂದು ಗುಂಪು ಸರಿಯೆಂದು ಒಪ್ಪುವ ರೀತಿಯಲ್ಲಿ ನಡೆದುಕೊಂಡ ವೈದ್ಯ ನಿರ್ಲಕ್ಷ್ಯ ಮಾಡಿದಂತಲ್ಲ, ಇನ್ನೊಂದು ಗುಂಪು ಅದನ್ನು ಒಪ್ಪದಿದ್ದರೂ ಸರಿಯೇ. ಬೊಲಮ್ ಸೋತರು.

2005ರ ಆಗಸ್ಟ್‌ನಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಇದೇ ಅಳತೆಯನ್ನು ಒಪ್ಪಿಕೊಂಡಿತು. ಚಿಕಿತ್ಸೆ ಫಲಿಸದ ಮಾತ್ರಕ್ಕೆ ವೈದ್ಯ ತಪ್ಪಿತಸ್ಥನಾಗುವುದಿಲ್ಲ. ನಿರ್ಧಾರದಲ್ಲಿ ಆದ ಎಡವಟ್ಟೆಲ್ಲ ನಿರ್ಲಕ್ಷ್ಯವೂ ಅಲ್ಲ. ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ತಪ್ಪು ಬಹಳ ಘೋರವಾಗಿರಬೇಕು. ಪೊಲೀಸರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯರೊಬ್ಬರ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವವರ ಅಭಿಪ್ರಾಯ ಪಡೆಯಬೇಕು. ದೂರು ಬಂತೆಂದು ಮಾಮೂಲಿಯಂತೆ ಬಂಧಿಸಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ಚಿಕಿತ್ಸೆ ನೀಡುವಾಗಿನ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಉಳಿದವರಿಗೆ ಅದೇ ತಪ್ಪಿಗೆ ಐದು ವರ್ಷದವರೆಗೆ ಸೆರೆವಾಸವಿದೆ.

ಇಷ್ಟನ್ನೇ ಓದಿದವರಿಗೆ ಕಾನೂನು ವೈದ್ಯರ ಕಡೆಗೇ ವಾಲಿದೆ ಅನಿಸಬಹುದು. ಬೇರೆ ವಿಭಾಗಗಳ ಮಟ್ಟಿಗೆ ಅದರಲ್ಲಿ ಸ್ವಲ್ಪ ನಿಜವೂ ಇದೆ. ಮನೋವೈದ್ಯಕೀಯದಲ್ಲಿ ಮಾತ್ರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ಚಿತ್ರ ಬದಲಾಗಿದೆ. ಆ ಕಾಯ್ದೆಯ 95ನೇ ಕಲಮು, ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೇ ನಿಷೇಧಿಸಿದೆ. ಬೊಲಮ್ ಅವರಿಗೆ ಮಾಡಿದ್ದನ್ನು ಇಂದು ಧಾರವಾಡದಲ್ಲಿ ಯಾರಾದರೂ ಮಾಡಿದರೆ, “ನಮ್ಮಲ್ಲಿ ಇದೇ ರೂಢಿ” ಎಂದು ನೂರು ವೈದ್ಯರು ಸಾಕ್ಷಿ ಹೇಳಿದರೂ ಉಪಯೋಗವಿಲ್ಲ. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಿಗಿಯುವಂತಿಲ್ಲ ಎಂಬುದೂ ಅದೇ ಕಲಮಿನಲ್ಲಿದೆ. ಮನೋರೋಗಿಗಳನ್ನು ಇಟ್ಟುಕೊಂಡು ಆರೈಕೆಯ ಹೆಸರಿನಲ್ಲಿ ನಡೆಯುವ ಜಾಗ ಮಠವಿರಲಿ, ದರ್ಗಾ ಇರಲಿ, ಖಾಸಗಿ ಆಶ್ರಮವಿರಲಿ, ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಓಡಲಾಗದೆ ಸತ್ತವರು ಸರಪಳಿಯಲ್ಲಿದ್ದವರು. ಅದನ್ನು ಬಲ್ಲವರಿಗೆ ಈ ನಿಷೇಧ ಏಕೆ ಇಷ್ಟು ಕಟ್ಟುನಿಟ್ಟಾಗಿದೆ ಎಂದು ವಿವರಿಸಬೇಕಿಲ್ಲ.

ಹಾಗಾಗಿ ಮನೋವೈದ್ಯರನ್ನು ಎರಡು ಪ್ರಶ್ನೆಗಳು ಕಾಯುತ್ತವೆ. ಚಿಕಿತ್ಸೆಯ ಆಯ್ಕೆ ವೈದ್ಯವಿದ್ಯೆ ಒಪ್ಪುವಂಥದ್ದೇ? ಅದನ್ನು ಕೊಡುವಾಗ ಕಾಯ್ದೆ ಹಾಕಿದ ದಾರಿಯಲ್ಲಿ ನಡೆದರೇ? ನನಗನಿಸುವಂತೆ ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ.

ಆಸ್ಪತ್ರೆಗೆ ಸೇರಿಸುವ ವಿಷಯವನ್ನೇ ತೆಗೆದುಕೊಳ್ಳಿ. ಮನೋರೋಗ ಇದೆ ಎಂದಾಕ್ಷಣ ಒಬ್ಬರ ತಿಳಿವಳಿಕೆ ಇಲ್ಲವಾಯಿತು ಎಂದು ಕಾಯ್ದೆ ಭಾವಿಸುವುದಿಲ್ಲ. ಹೇಳಿದ್ದು ಅರ್ಥವಾಗುತ್ತದೆಯೇ, ಒಪ್ಪಿದರೆ ಅಥವಾ ಒಲ್ಲೆನೆಂದರೆ ಏನಾದೀತು ಎಂದು ಗೊತ್ತಾಗುತ್ತದೆಯೇ, ತನ್ನ ತೀರ್ಮಾನವನ್ನು ಮಾತಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರೇ ಎಂದು ನೋಡಬೇಕು. ಇವೆಲ್ಲ ಆಗುವುದಾದರೆ ನಿರ್ಧಾರ ಅವರದ್ದೇ. ಅಣ್ಣನೋ ಗಂಡನೋ ಸಹಿ ಹಾಕಿದರೆ ಸಾಕಾಗದು. ತೀರ್ಮಾನಿಸುವ ಸ್ಥಿತಿಯಲ್ಲಿ ಇಲ್ಲದಿದ್ದಾಗ, ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ ಅಥವಾ ತನ್ನನ್ನು ನೋಡಿಕೊಳ್ಳಲಾರದೆ ಅಪಾಯಕ್ಕೆ ಬಿದ್ದಿದ್ದರೆ, 89ನೇ ಕಲಮಿನಂತೆ, ರೋಗಿಯ ಪರ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಅದಕ್ಕೂ ಮೊದಲು ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಹೆಂಗಸರು ಮತ್ತು ಮಕ್ಕಳ ದಾಖಲಾತಿಯನ್ನು 3 ದಿನದೊಳಗೆ, ಉಳಿದವರದ್ದನ್ನು 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಈ ಹೆಜ್ಜೆಗಳನ್ನು ತಪ್ಪಿಸಿದ ಆಸ್ಪತ್ರೆ, ಚಿಕಿತ್ಸೆ ಎಷ್ಟೇ ಒಳ್ಳೆಯದಿದ್ದರೂ, ಒಬ್ಬರನ್ನು ಕಾನೂನುಬಾಹಿರವಾಗಿ ಕೂಡಿಹಾಕಿದ ಆರೋಪ ಎದುರಿಸಬೇಕಾಗುತ್ತದೆ.

ಒಪ್ಪಿಗೆಯ ಮಾತು ಬಂದಾಗ ಹಳಿಯಾಳದಂಥ ತಾಲ್ಲೂಕಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಇಲ್ಲಿ ಕನ್ನಡದ ಜೊತೆ ಮರಾಠಿ, ಕೊಂಕಣಿ ಮನೆಮಾತಿನವರು ಬಹಳ. ಸಿದ್ದಿ ಸಮುದಾಯದವರ ಕೊಂಕಣಿಯ ಬಗೆಯೇ ಬೇರೆ. ಕಾಯಿಲೆ ಏನು, ಚಿಕಿತ್ಸೆ ಏನು, ಗುಳಿಗೆಯ ಗೊತ್ತಿರುವ ಅಡ್ಡಪರಿಣಾಮಗಳೇನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕೆಂದು 22ನೇ ಕಲಮು ಹೇಳುತ್ತದೆ. ಇಂಗ್ಲಿಷಿನ ಅಚ್ಚು ನಮೂನೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾಗದ ತುಂಬಿತು, ಒಪ್ಪಿಗೆ ಸಿಕ್ಕಂತಾಗಲಿಲ್ಲ. ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು, ಒಂದು ಚಿಕಿತ್ಸೆಗೆ ಕೊಟ್ಟದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಬಿಡಿಸಿ ಹೇಳಿದೆ.

ಇನ್ನು ಗುಳಿಗೆ. ನಿರ್ಲಕ್ಷ್ಯವೆಂದು ಸಾಬೀತು ಮಾಡಲು ನಾಲ್ಕು ಕೊಂಡಿಗಳು ಕೂಡಬೇಕು: ವೈದ್ಯರಿಗೆ ಹೊಣೆಯಿತ್ತು, ಅದರಲ್ಲಿ ತಪ್ಪಿದರು, ರೋಗಿಗೆ ಹಾನಿಯಾಯಿತು, ಆ ಹಾನಿ ಆ ತಪ್ಪಿನಿಂದಲೇ ಆಯಿತು. ಲಿಥಿಯಂ ಇದಕ್ಕೆ ಒಳ್ಳೆಯ ಉದಾಹರಣೆ. ಉನ್ಮಾದ ಮತ್ತು ಖಿನ್ನತೆ ಒಂದಾದ ಮೇಲೊಂದು ಬರುವ ಕಾಯಿಲೆಗೆ ಅದು ದಶಕಗಳಿಂದ ಜೀವ ಉಳಿಸಿದ ಔಷಧಿ. ಆದರೆ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ಕೈನಡುಕ, ವಾಂತಿ, ತೊದಲು, ಗೊಂದಲ ಶುರುವಾಗಬಹುದು. ಮಾಗಿಯಲ್ಲಿ ಕಬ್ಬು ಕಡಿಯಲು ಹೋದವರು ಬಿಸಿಲಲ್ಲಿ ಬೆವೆತು ನೀರು ಕುಡಿಯದೆ ಉಳಿದರೆ, ವಾಂತಿಭೇದಿಯಾದರೆ, ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೆ ಆ ಮಟ್ಟ ಏರುತ್ತದೆ. ವೈದ್ಯರು ಇದನ್ನು ಹೇಳಿ, ರಕ್ತದ ಮಟ್ಟವನ್ನೂ ಮೂತ್ರಪಿಂಡ ಮತ್ತು ಥೈರಾಯ್ಡ್‌ನ ಕೆಲಸವನ್ನೂ ಆಗಾಗ ನೋಡಿಸಿ, ಅದನ್ನೆಲ್ಲ ಬರೆದಿಟ್ಟಿದ್ದರೆ, ರೋಗಿ ಪರೀಕ್ಷೆಗೆ ಬಾರದೆ ತೊಂದರೆಯಾದಾಗ ಹೊಣೆ ಪೂರ್ತಿ ಅವರ ಮೇಲೆ ಬೀಳದು. ವರ್ಷಗಟ್ಟಲೆ ಅದೇ ಚೀಟಿಯನ್ನು ಮುಂದುವರಿಸಿ ಒಂದು ರಕ್ತಪರೀಕ್ಷೆಯನ್ನೂ ಬರೆಯದಿದ್ದರೆ ಯಾವ ಅಳತೆಗೋಲಿನಿಂದಲೂ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಕ್ಲೋಜಪಿನ್ ಶುರುಮಾಡಿದಾಗ ಬಿಳಿ ರಕ್ತಕಣಗಳ ಎಣಿಕೆ, ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್ಪ್ರೊಯೇಟ್ ಬರೆಯುವಾಗ ಹುಟ್ಟುವ ಕೂಸಿಗೆ ಆಗಬಹುದಾದ ತೊಂದರೆಯ ವಿವರಣೆ, ಇವೂ ಇದೇ ಸಾಲಿನವು.

ಎಲ್ಲಕ್ಕಿಂತ ಕಷ್ಟದ್ದು ಆತ್ಮಹತ್ಯೆಯ ಪ್ರಶ್ನೆ. ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಗೆ ಕಾನೂನಿನ ಯಾವ ವಿವರಣೆಯೂ ಸಮಾಧಾನ ತರಲಾರದು ಎಂಬುದನ್ನು ಅರಿತೇ ಇದನ್ನು ಬರೆಯುತ್ತಿದ್ದೇನೆ. ಯಾರು ಯಾವ ದಿನ ಹಾಗೆ ಮಾಡಿಕೊಳ್ಳುತ್ತಾರೆಂದು ಖಚಿತವಾಗಿ ಹೇಳುವ ಪರೀಕ್ಷೆ ವೈದ್ಯವಿಜ್ಞಾನದಲ್ಲಿ ಇನ್ನೂ ಇಲ್ಲ. ಆದ್ದರಿಂದ ಭವಿಷ್ಯ ಹೇಳಲಿಲ್ಲವೇಕೆ ಎಂದು ನ್ಯಾಯಾಲಯ ವೈದ್ಯರನ್ನು ಕೇಳುವುದಿಲ್ಲ. ಅದು ಕೇಳುವುದು ಬೇರೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ವಿಚಾರಿಸಿದರೇ? ಹಿಂದೆ ಪ್ರಯತ್ನಿಸಿದ್ದರೇ, ಕುಡಿತವಿದೆಯೇ, ಮನೆಯಲ್ಲಿ ಜೊತೆಗಿರುವವರು ಯಾರು ಎಂದು ತಿಳಿದುಕೊಂಡರೇ? ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಲು ಮನೆಯವರಿಗೆ ಹೇಳಿದರೇ, ಒಮ್ಮೆಗೇ ತಿಂಗಳ ಗುಳಿಗೆ ಕೊಡದೆ ಸ್ವಲ್ಪಸ್ವಲ್ಪವಾಗಿ ಕೊಟ್ಟರೇ? ಮತ್ತೆ ಯಾವಾಗ ಬರಬೇಕೆಂದು ದಿನ ಗೊತ್ತುಮಾಡಿದರೇ? ಒಳರೋಗಿಯಾಗಿದ್ದರೆ ವಾರ್ಡಿನಲ್ಲಿ ಕಣ್ಣಿಟ್ಟವರು ಯಾರು? ಇದನ್ನೆಲ್ಲ ಮಾಡಿ ದಾಖಲಿಸಿದ ವೈದ್ಯರು, ಸಾವು ತಪ್ಪಿಸಲಾಗದಿದ್ದರೂ, ತಮ್ಮ ಹೊಣೆ ನಿಭಾಯಿಸಿದವರೇ. ಮಾಡಿಯೂ ಬರೆಯದಿದ್ದರೆ, ಮಾಡಿದ್ದೆಂದು ತೋರಿಸುವುದು ವರ್ಷಗಳ ನಂತರ ಬಲು ಕಷ್ಟ.

ಇದಕ್ಕೆ ತಾಗಿಕೊಂಡ ಇನ್ನೊಂದು ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಜೀವಗಳನ್ನೇ ತೆಗೆಯುತ್ತಿದೆ. “ಪೊಲೀಸ್ ಕೇಸ್ ಆಗ್ತದ” ಎಂದು ಹೆದರಿ, ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ಆಸ್ಪತ್ರೆಗೆ ತರಲು ತಡಮಾಡುತ್ತಾರೆ, ತಂದರೂ ಸುಳ್ಳು ಕಾರಣ ಹೇಳುತ್ತಾರೆ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಹೊಸ ಸಂಹಿತೆಯಲ್ಲಿ ಹಾಗೆಯೇ ಉಳಿದಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು. ಆದರೆ ಬದುಕಿ ಉಳಿದವರನ್ನು ಆ ಯತ್ನಕ್ಕಾಗಿ ಜೈಲಿಗೆ ಕಳಿಸುವುದಿಲ್ಲ. ಮನಸ್ಸು ಕುಸಿದಾಗ ಹಗಲಿರುಳು ಯಾವ ಹೊತ್ತಿನಲ್ಲೂ ಕರೆ ಮಾಡಬಹುದಾದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ರೋಗಿ ಹೇಳಿದ ಗುಟ್ಟನ್ನು ವೈದ್ಯರು ಕಾಯಬೇಕು. ಅದು 2017ರ ಕಾಯ್ದೆಯ 23ನೇ ಕಲಮು. ಬೇರೊಬ್ಬರ ಜೀವಕ್ಕೆ ಅಪಾಯವಿದ್ದರೆ ಬೇಕಾದಷ್ಟನ್ನು ಮಾತ್ರ ಹೊರಗೆ ಹೇಳಬಹುದೆಂಬ ವಿನಾಯಿತಿಯೂ ಅಲ್ಲೇ ಇದೆ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ, ಯುವತಿಯೊಬ್ಬಳನ್ನು ಕೊಲ್ಲುವ ಇಂಗಿತವನ್ನು ಮನಶ್ಶಾಸ್ತ್ರಜ್ಞರ ಬಳಿ ಹೇಳಿಕೊಂಡಿದ್ದ. ಆಕೆಗೆ ಯಾರೂ ಎಚ್ಚರಿಕೆ ಕೊಡಲಿಲ್ಲ, ಕೊಲೆ ನಡೆದೇಹೋಯಿತು. ಅಲ್ಲಿನ ನ್ಯಾಯಾಲಯ 1976ರಲ್ಲಿ ಟರಾಸಾಫ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಂದಿಗೂ ಜಗತ್ತಿನ ಮನೋವೈದ್ಯರೆಲ್ಲ ಓದುತ್ತಾರೆ.

ನಿಜವಾಗಿ ಅನ್ಯಾಯವಾಗಿದೆ ಎನ್ನುವ ಮನೆಯವರು ಎಲ್ಲಿಗೆ ಹೋಗಬೇಕು? ಮೊದಲು ದಾಖಲೆ ಕೇಳಬೇಕು. ಚಿಕಿತ್ಸೆಯ ಮೂಲಭೂತ ದಾಖಲೆಗಳನ್ನು ಪಡೆಯುವ ಹಕ್ಕು ರೋಗಿಗಿದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು 1995ರ ವಿ.ಪಿ. ಶಾಂತಾ ತೀರ್ಪು ದಾರಿ ಮಾಡಿಕೊಟ್ಟಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಅದರ ಹೊರಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ನಂತರ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಚಿಕಿತ್ಸೆ ಧಾರವಾಡದಲ್ಲಿ ಆಗಿದ್ದರೂ. ಅವಧಿ ಎರಡು ವರ್ಷ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಹಕ್ಕುಗಳ ಉಲ್ಲಂಘನೆಗೆ ಪರಿಶೀಲನಾ ಮಂಡಳಿಗೂ ಬರೆಯಬಹುದು. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಆಸ್ಪತ್ರೆಯ ಗಾಜು ಒಡೆದರೆ ಮಾತ್ರ ಈ ಬಾಗಿಲುಗಳೆಲ್ಲ ಅರ್ಧ ಮುಚ್ಚಿದಂತೆಯೇ.

ವೈದ್ಯರ ಭಯದ ಬಗ್ಗೆಯೂ ಹೇಳಲೇಬೇಕು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಮನೋರೋಗವಿರುವವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಂಥಲ್ಲಿ “ನಮಗ್ಯಾಕ ಬೇಕು” ಎಂದು ರೋಗಿಯನ್ನು ಮುಂದಕ್ಕೆ ಸಾಗಹಾಕಿದರೆ ಅದರ ಭಾರ ಬೀಳುವುದು ಬಸ್ ಚಾರ್ಜಿಗೂ ಲೆಕ್ಕ ಹಾಕುವ ಮನೆಗಳ ಮೇಲೆ. ತುರ್ತು ಸ್ಥಿತಿಯಲ್ಲಿ ಮನೋವೈದ್ಯರೇ ಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ 2017ರ ಕಾಯ್ದೆಯ 94ನೇ ಕಲಮಿನಡಿ 72 ಗಂಟೆಗಳವರೆಗೆ ಚಿಕಿತ್ಸೆ ಕೊಟ್ಟು, ಹತ್ತಿರದ ಮಾನಸಿಕ ಆಸ್ಪತ್ರೆಗೆ ಸಾಗಿಸಬಹುದು. ವಿದ್ಯುತ್ ಚಿಕಿತ್ಸೆಯನ್ನು ಮಾತ್ರ ತುರ್ತಿನ ನೆಪದಲ್ಲಿ ಕೊಡುವಂತಿಲ್ಲ. ಈ ಅಧಿಕಾರ ತಮಗಿದೆಯೆಂದು ತಿಳಿದ ವೈದ್ಯರು ರೋಗಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬೇಕಾಗಿಲ್ಲ.

ರೋಗಿಯ ಹಕ್ಕು, ವೈದ್ಯರ ರಕ್ಷಣೆ ಎರಡೂ ಒಂದೇ ಹಾಳೆಯ ಮೇಲಿವೆ. ಯಾವ ಗುಳಿಗೆ, ಏನು ಅಡ್ಡಪರಿಣಾಮ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ಯಾವ ಪರೀಕ್ಷೆ ಎಂದು, ಎಲ್ಲಿ, ಮುಂದಿನ ಭೇಟಿ ಯಾವ ದಿನ, ಕರೆ ಮಾಡಬೇಕಾದ ಸಂಖ್ಯೆ ಯಾವುದು, ಇಷ್ಟಿರುವ ಹಾಳೆಯೊಂದನ್ನು ಕನ್ನಡ, ಮರಾಠಿ, ಕೊಂಕಣಿಯಲ್ಲಿ ಅಚ್ಚು ಹಾಕಿಸಿ, ಡಿಸ್ಚಾರ್ಜ್ ಆಗುವ ಪ್ರತಿಯೊಬ್ಬರಿಗೂ ಓದಿ ಹೇಳಿ ಕೊಡಬೇಕು. ರೋಗಿ ಒಪ್ಪಿದರೆ ಅದರ ಒಂದು ಪ್ರತಿ ಅವರೂರಿನ ಆರೋಗ್ಯ ಕೇಂದ್ರಕ್ಕೂ ಹೋಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇರುವ ಕಾಯ್ದೆಯ 22ನೇ ಕಲಮು ಸಾಕು. ಆರೋಗ್ಯ ಇಲಾಖೆ ಈ ವರ್ಷವೇ ಇದನ್ನು ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳ ಆಸ್ಪತ್ರೆಗಳಿಂದಲೇ ಶುರುಮಾಡಬಹುದು.