ಎರಡು ತಲೆಯ ಹಾವೂ ನಮ್ಮ ಒಂದು ತಲೆಯೂ

ಕಳೆದ ತಿಂಗಳ ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ, ನಾವು ಗೌರವಿಸುವ ಹಿರಿಯರೊಬ್ಬರು ನಮ್ಮನ್ನು ಮೂಲೆಗೆ ಕರೆದು ಪಿಸುಗುಟ್ಟಿದರು: "ಊರ ಕಡೆಯಿಂದ ಎರಡು ತಲೆ ಹಾವೊಂದು ಬರಲಿದೆ. ನಾಲ್ಕು ಜನ ಸೇರಿ ಹಣ ಹಾಕೋಣ. ಮನೆಯಲ್ಲಿದ್ದಷ್ಟು ದಿನ ಲಕ್ಷ್ಮಿ, ಮಾರಿದರೆ ಕೋಟಿ." ನಿವೃತ್ತಿಯಾದಾಗ ಬಂದ ಹಣದಲ್ಲಿ ಅವರು ಆಗಲೇ ಮುಂಗಡ ಕೊಟ್ಟಾಗಿತ್ತು. ಹಿರಿಯರ ಮುಂದೆ ವಾದವೇಕೆಂದು ನಾವು ಅಂದು ಸುಮ್ಮನಾದೆವು. ಆ ಮೌನ ತಪ್ಪಾಯಿತೆಂದು ಈಗ ಈ ಪುಟದಲ್ಲಿ ಬಾಯಿ ಬಿಡುತ್ತಿದ್ದೇವೆ.

ನಾವು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಕಟ್ಟುವವರು; ಆದರೂ ಓದಿದ್ದೆಲ್ಲ ಮರೆತಿಲ್ಲ. ಈ ಹಾವಿಗಿರುವುದು ಒಂದೇ ತಲೆ. ಊರಲ್ಲಿ ಇದನ್ನು ಮಣ್ಣುಮುಕ್ಕ ಎನ್ನುತ್ತೇವೆ, ಇಲ್ಲಿನ ಮರಾಠಿಗರು ಮಾಂಡೂಳ ಎನ್ನುತ್ತಾರೆ. ಸಡಿಲ ಮಣ್ಣಿನಲ್ಲಿ ಹುದುಗಿ ಇಲಿ ತಿಂದು ಬದುಕುವ, ವಿಷವಿಲ್ಲದ ಬಡಪಾಯಿ. ಬಾಲ ಮೊಂಡು. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಮೇಲಕ್ಕೊಡ್ಡುತ್ತದೆ. ಪೆಟ್ಟು ಬಿದ್ದರೆ ಅಲ್ಲಿಗೆ ಬೀಳಲೆಂದು. ಈ ಉಪಾಯಕ್ಕೆ ಹದ್ದು ಮೋಸಹೋದರೆ ಸರಿ, ಪದವೀಧರರೂ ಹೋಗಬೇಕೆ? ತೂಕ ಹೆಚ್ಚಿದಷ್ಟೂ ಬೆಲೆ ಎಂದು ದಲ್ಲಾಳಿಗಳು ಹೇಳುತ್ತಾರೆ. ಕೋಟಿ ಕೊಟ್ಟು ಕೊಂಡವನನ್ನು ನಾವಂತೂ ಕಂಡಿಲ್ಲ. ಕಂಡವರೆಲ್ಲ ಮುಂದಿನ ಗಿರಾಕಿಯನ್ನು ಹುಡುಕುತ್ತಿರುವವರೇ.

ಹಾವೊಂದೇ ಅಲ್ಲ. ಕಾಡುಪಾಪದ ದೊಡ್ಡ ಕಣ್ಣು ಇರುವುದು ಇರುಳಲ್ಲಿ ಹುಳು ಹುಡುಕಲು. ಮಾಟಗಾರರಿಗೆ ಅದು ವಶೀಕರಣಕ್ಕೆ ಬೇಕು. ದೀಪಾವಳಿ ಬಂದರೆ ಉತ್ತರದ ಕಡೆ ಲಕ್ಷ್ಮಿಯ ವಾಹನವಾದ ಗೂಬೆಯನ್ನೇ ಲಕ್ಷ್ಮಿಯ ಕೃಪೆಗೆಂದು ಬಲಿಕೊಡುವವರಿದ್ದಾರೆ. ಅತಿಥಿ ಬರುವ ಗಾಡಿಗೆ ಬೆಂಕಿಯಿಟ್ಟು ಬಾಗಿಲಲ್ಲಿ ಕಾದು ನಿಂತ ಹಾಗೆ! ಇನ್ನು ಹುಲಿಯುಗುರು ನಮ್ಮ ಬೆರಳಿನ ಉಗುರಿನದೇ ವಸ್ತು. ಅದರಿಂದ ಶೌರ್ಯ ಬರುವುದಾದರೆ ಭಾನುವಾರ ಕತ್ತರಿಸಿದ್ದನ್ನೇ ಚಿನ್ನದಲ್ಲಿ ಕಟ್ಟಿಸಿಕೊಳ್ಳಬಹುದಲ್ಲ.

"ನಂಬಿಕೆಯೇ ಕಾಡನ್ನು ಉಳಿಸಿದ್ದಲ್ಲವೆ?" ಎನ್ನುವವರುಂಟು. ಒಪ್ಪಿದೆವು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ಕಾಣುತ್ತಾರೆ. ಕರಾವಳಿಯ ನಾಗಬನ, ಕೊಡಗಿನ ದೇವರಕಾಡುಗಳೂ ಹೀಗೆಯೇ ಉಳಿದವು. ಆದರೆ ಆ ನಂಬಿಕೆ ಜೀವವನ್ನು ಇದ್ದಲ್ಲೇ ಬಿಡುತ್ತದೆ, ಚೀಲಕ್ಕೆ ತುಂಬುವುದಿಲ್ಲ. ಹುತ್ತಕ್ಕೆ ತನಿ ಎರೆದು ಬೆಳೆದ ನಾವು, ಹಾವನ್ನು ತಕ್ಕಡಿಯಲ್ಲಿ ತೂಗುವುದನ್ನು ಸಂಸ್ಕೃತಿ ಎನ್ನಲಾರೆವು.

ಇನ್ನೊಂದು ಮಾತು, ಕಚೇರಿಯ ಭಾಷೆಯಲ್ಲಿ. ಇವುಗಳ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೇಂದ್ರ ಸರ್ಕಾರಿ ನೌಕರ 48 ಗಂಟೆಗೂ ಹೆಚ್ಚು ಬಂಧನದಲ್ಲಿದ್ದರೆ ನಿಯಮದ ಪ್ರಕಾರ ಅಮಾನತ್ತಾದಂತೆಯೇ. ಪಾಲು ಹಾಕಹೊರಟ ತರುಣ ಮಿತ್ರರು ಇದನ್ನು ಗಮನಿಸಬೇಕು.

ಆ ಹಿರಿಯರು ಈ ಪತ್ರಿಕೆಯನ್ನು ತಪ್ಪದೆ ಓದುತ್ತಾರೆ. ಸ್ವಾಮೀ, ಮುಂಗಡ ಹೋದರೆ ಹೋಗಲಿ, ಹಾವು ಚೀಲ ಸೇರುವ ಮೊದಲೇ ಬೇಡವೆಂದು ತಿಳಿಸಿಬಿಡಿ. ಮುಂದಿನ ಸಭೆಯ ಚಹಾ ನಮ್ಮ ಲೆಕ್ಕದಲ್ಲಿ.