ಚಿಗುರನ್ನು ನಂಬಿ ಕೊಡುವ ಮುಂಗಡ

2021ರ ಏಪ್ರಿಲ್ ತಿಂಗಳ ಆರಂಭದಲ್ಲಿ ಫ್ರಾನ್ಸ್ ದೇಶದ ದ್ರಾಕ್ಷಿ ಬೆಳೆಗಾರರು ರಾತ್ರಿಯಿಡೀ ಬಳ್ಳಿಗಳ ಸಾಲುಗಳ ನಡುವೆ ಬೆಂಕಿ ಉರಿಸಿ ಕಾದರು. ಮಾರ್ಚ್ ಕೊನೆಯ ಬಿಸಿಲಿಗೆ ಅವಧಿಗೆ ಮುನ್ನವೇ ಒಡೆದಿದ್ದ ಮೊಗ್ಗುಗಳು ಹೆಪ್ಪುಗಟ್ಟುವ ಚಳಿಗೆ ಸಿಲುಕಿ ಕರಕಲಾದವು. ಆ ವರ್ಷದ ವೈನ್ ಉತ್ಪಾದನೆಯು ದಶಕಗಳಲ್ಲೇ ಅತಿ ಕಡಿಮೆ ಪ್ರಮಾಣಕ್ಕೆ ಕುಸಿಯಿತು.

ವೇಮಗಲ್ ಹೋಬಳಿಯ ತೋಟಗಳಿಗೆ ಅಂತಹ ಚಳಿಯ ಭಯವಿಲ್ಲ. ಇಲ್ಲಿ ಬಳ್ಳಿಯು ದೀರ್ಘ ಚಳಿಗಾಲದ ನಿದ್ರೆಗೆ ಜಾರುವುದಿಲ್ಲ; ಚಿಗುರಿನ ಕಾಲವನ್ನು ನಿರ್ಧರಿಸುವುದು ಬೆಳೆಗಾರನ ಕತ್ತರಿ. ಸವರಿದ ಒಂದೆರಡು ವಾರಗಳಲ್ಲಿ ಕಣ್ಣು ಒಡೆಯುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಸವರಿದ ಬಳ್ಳಿಯ ಎಳೆ ಚಿಗುರಿಗೆ ಹಿಂಗಾರು ಮಳೆ ಎದುರಾಗುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ದಿನಗಟ್ಟಲೆ ಮೋಡ ಕವಿದರೆ ಬೂಜು ತುಪ್ಪಟ ರೋಗ ಹರಡುತ್ತದೆ, ಹೂಗೊಂಚಲು ಉದುರುತ್ತದೆ. ಅದೇ 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸುರಿದ ಮಳೆ ವರ್ಷಗಳಿಂದ ಬತ್ತಿದ್ದ ಕೆರೆಗಳನ್ನು ತುಂಬಿಸಿತು; ಬೆಳೆಗಳನ್ನೂ ಕೊಚ್ಚಿತು.

ಈ ನಷ್ಟ ತೋಟದ ಬೇಲಿಯೊಳಗೆ ನಿಲ್ಲುವುದಿಲ್ಲ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯಾಗಲಿ, ಶ್ರೀನಿವಾಸಪುರದ ಮಾವಾಗಲಿ, ಹೂ ಅಥವಾ ಚಿಗುರಿನ ಹಂತದಲ್ಲೇ ವರ್ತಕರ ಮುಂಗಡ ತೋಟ ಸೇರಿರುತ್ತದೆ. ರಟ್ಟಿನ ಪೆಟ್ಟಿಗೆ ತಯಾರಕರು, ಲಾರಿ ಮಾಲೀಕರು, ರಸ ಮತ್ತು ತಿರುಳಿನ ಕಾರ್ಖಾನೆಯವರು ಅದೇ ಫಸಲನ್ನು ನೆಚ್ಚಿ ಸಾಲ ಮಾಡಿರುತ್ತಾರೆ. ಮುಂಗಡ ಬಹುಪಾಲು ಬಾಯಿಮಾತಿನ ವ್ಯವಹಾರ. ಫಸಲು ಕೈಕೊಟ್ಟಾಗ ನಷ್ಟ ಯಾರದೆಂಬ ಪ್ರಶ್ನೆಗೆ ಕಾಗದದಲ್ಲಿ ಉತ್ತರವಿರುವುದಿಲ್ಲ.

ವಿಮೆ ಇದೆಯಲ್ಲ ಎಂಬ ಸಮಾಧಾನವೂ ಅರ್ಧ ಸತ್ಯ. 2016ರ ಮುಂಗಾರಿನಿಂದ ಜಾರಿಗೆ ಬಂದ ಮರುವಿನ್ಯಾಸಗೊಳಿಸಲಾದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಗಾರಿಕೆ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇಕಡ 5ರವರೆಗೆ. ಪರಿಹಾರ ನಿಗದಿಯಾಗುವುದು ಹವಾಮಾನ ಕೇಂದ್ರದ ಮಳೆ, ಉಷ್ಣಾಂಶಗಳ ಅಂಕಿಗಳಿಂದ. ತೋಟಕ್ಕೆ ಬಂದು ಗೊಂಚಲು ಎಣಿಸುವ ಪದ್ಧತಿ ಅದರಲ್ಲಿಲ್ಲ. ಮಿಗಿಲಾಗಿ, ಅದು ಬೆಳೆಗಾರನಿಗಾಗಿ ಇರುವ ವಿಮೆ. ಮುಂಗಡ ಕೊಟ್ಟ ವರ್ತಕನ ಹಣಕ್ಕೆ ಅದರ ರಕ್ಷೆಯಿಲ್ಲ.

ಆದುದರಿಂದ ರಕ್ಷಣೆಯನ್ನು ವರ್ತಕರೇ ಲೆಕ್ಕದ ಪುಸ್ತಕದಲ್ಲಿ ಕಟ್ಟಿಕೊಳ್ಳಬೇಕು. ಮುಂಗಡವನ್ನು ಒಮ್ಮೆಗೇ ಸುರಿಯದೆ ಚಿಗುರು, ಕಾಯಿ ಕಟ್ಟುವಿಕೆ, ಮಾಗುವಿಕೆ ಎಂಬ ಮೂರು ಕಂತುಗಳಲ್ಲಿ ಕೊಡುವುದು ಮೊದಲ ಹೆಜ್ಜೆ. ಹವಾಮಾನದಿಂದ ಫಸಲು ಹಾಳಾದರೆ ಮುಂಗಡದ ಎಷ್ಟು ಭಾಗ ಮುಂದಿನ ಫಸಲಿಗೆ ಹೊಂದಾಣಿಕೆಯಾಗಬೇಕೆಂಬುದನ್ನು ಒಪ್ಪಂದದಲ್ಲಿ ಬರೆಯುವುದು ಎರಡನೆಯದು. ಲಾಭದ ವರ್ಷದಲ್ಲಿ ಒಂದಂಶವನ್ನು ಮೀಸಲಿಡುವುದು ಮೂರನೆಯದು. ದಾಖಲೆಯಿಲ್ಲದ ಮುಂಗಡವನ್ನು ವ್ಯಾಪಾರದ ನಷ್ಟವೆಂದು ತೆರಿಗೆ ಅಧಿಕಾರಿಯ ಮುಂದೆ ಸಮರ್ಥಿಸುವುದು ಕಷ್ಟವೆಂಬುದನ್ನೂ ಮರೆಯಲಾಗದು.

ಇದರಿಂದ ರೈತನಿಗೆ ಕೈಗೆ ಬೇಕಾದಾಗ ಹಣ ಸಿಗದೆಂಬ ಆಕ್ಷೇಪ ಬರಬಹುದು. ಗೊಬ್ಬರ, ಔಷಧಿಯ ಖರ್ಚು ಚಿಗುರಿನ ಕಾಲದಲ್ಲೇ ಹೆಚ್ಚಾದ ಕಾರಣ ಮೊದಲ ಕಂತನ್ನು ಆ ಖರ್ಚಿಗೆ ತಕ್ಕಂತೆ ನಿಗದಿಪಡಿಸಿದರೆ ಆಕ್ಷೇಪಕ್ಕೆ ಎಡೆಯಿರದು. ವಾಣಿಜ್ಯ ಸಂಘವು ಸರಳ ಕನ್ನಡದಲ್ಲಿ ಮಾದರಿ ಕರಾರುಪತ್ರವೊಂದನ್ನು ಸಿದ್ಧಪಡಿಸಿ ಮುಂದಿನ ಸವರುವ ಹಂಗಾಮಿಗೆ ಮೊದಲೇ ಸದಸ್ಯರಿಗೆ ಒದಗಿಸುವುದು ಅಪೇಕ್ಷಣೀಯ. ಮಳೆಯನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಮಳೆ ನಿಂತ ಮೇಲೆ ಏಳುವ ತಕರಾರನ್ನು ತಡೆಯುವುದು ವರ್ತಕರ ಕೈಯಲ್ಲಿಯೇ ಇದೆ.