ದೊಡ್ಡ ಸ್ವಾಮಿಯವರು

ರಾಜಾಜಿನಗರದಲ್ಲಿ ನಮ್ಮ ನೆರೆಯವರಾದ ಕ್ರೈಸ್ತ ಮಿತ್ರರೊಬ್ಬರು ಈಚೆಗೆ ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ತಮ್ಮ ಧರ್ಮಕೇಂದ್ರವನ್ನು ಕಟ್ಟಿ ಬೆಳೆಸಿದ ಗುರುಗಳನ್ನು ನೆನೆಯುತ್ತಿದ್ದರು. ಮಾತು ಹಿಂದುಹಿಂದಕ್ಕೆ ಸರಿದು, ಕೆಂಗೇರಿಯ ದಾರಿಯಾಗಿ ಶ್ರೀರಂಗಪಟ್ಟಣವನ್ನು ಸೇರಿತು. ಅಲ್ಲಿಯ ಗಂಜಾಮಿನಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಗಳ ಹೆಸರಿನಿಂದಲೇ ಕರೆಯಲ್ಪಡುವ ಹಳೆಯ ಚರ್ಚೊಂದಿರುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. “ನಿಮ್ಮ ಹಿರಿಯರ ಆಚಾರಗಳನ್ನು ಅಷ್ಟಾಗಿ ಹಳಿದು ಬರೆದವರು ಅವರು, ಸಂಸ್ಕೃತ ಓದಿದ ನೀವು ಅವರನ್ನು ಹೇಗೆ ನೆನೆಯುತ್ತೀರಿ, ಮೇಷ್ಟ್ರೇ?” ಎಂದು ಮಿತ್ರರು ಕೇಳಿದರು. ಆಗ ಸರಿಯಾದ ಉತ್ತರವು ನಮಗೆ ತೋರಲಿಲ್ಲ. ಆದುದರಿಂದ ಈ ತಿಂಗಳು ಅದನ್ನೇ ಬರೆಯುತ್ತಿದ್ದೇವೆ.

ದುಬಾಯ್‌ರವರು ೧೭೯೨ರಲ್ಲಿ ಗುರುದೀಕ್ಷೆಯನ್ನು ಪಡೆದು, ಅದೇ ವರ್ಷ ಭಾರತಕ್ಕೆ ಹೊರಟವರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ, ಚೆದರಿಹೋಗಿದ್ದ ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಮೈಸೂರು ಸೀಮೆಗೆ ಬಂದರು. ಈ ನಾಡಿನ ಉಡುಗೆಯನ್ನು ಉಟ್ಟರು. ಊಟದಲ್ಲಿಯೂ ನಡೆವಳಿಕೆಯಲ್ಲಿಯೂ ಇಲ್ಲಿಯವರಂತೆಯೇ ಬಾಳಿದರು. ಬಡತನಕ್ಕೆ ಬೇಸಾಯವೇ ಮದ್ದೆಂದು ಬಗೆದು ಹಾಸನದ ಕಡೆಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ಆ ಕಾಲದಲ್ಲಿ ಸಿಡುಬೆಂದರೆ ಮನೆಗೆ ಮನೆಯೇ ನಡುಗುತ್ತಿದ್ದಿತು. ಗೋವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಇಂಗ್ಲೆಂಡಿನ ಜೆನ್ನರನು ೧೭೯೮ರಲ್ಲಿ ಪ್ರಕಟಿಸಿದ್ದನು. ಆ ರಸವು ಮುಂಬಯಿಗೆ ಬಂದುದು ೧೮೦೨ರಲ್ಲಿ. ದುಬಾಯ್‌ರವರು ಜನರ ಅಂಜಿಕೆಯನ್ನೂ ವಿರೋಧವನ್ನೂ ಎದುರಿಸಿ, ದೇವಿ ಹಾಕಿಸಿಕೊಳ್ಳುವಂತೆ ಅವರನ್ನು ಒಡಂಬಡಿಸಿದರು. ೧೮೦೩–೦೪ರಲ್ಲಿ ಅವರ ಪ್ರಯತ್ನದಿಂದ ೨೫,೪೩೨ ಮಂದಿಗೆ ದೇವಿ ಹಾಕಲಾಯಿತೆಂದು ದಾಖಲೆಯುಂಟು.

ಇನ್ನು ಅವರ ಗ್ರಂಥದ ಮಾತು. ಹಿಂದೂ ಜನರ ಆಚಾರವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು ೧೮೦೭ರಲ್ಲಿ ೨೦೦೦ ವರಹಗಳಿಗೆ ಕೊಂಡರು. ಅದರ ಇಂಗ್ಲಿಷ್ ಅನುವಾದವು ೧೮೧೬ರಲ್ಲಿ ಅಚ್ಚಾಯಿತು. ಅದರಲ್ಲಿಯ ನಿಂದೆಯನ್ನು ಓದಿ ನಾವು ತರುಣರಾಗಿದ್ದಾಗ ಕಿಡಿಕಿಡಿಯಾದುದುಂಟು. ಆದರೆ ಅದರ ಬಹುಭಾಗವು ಕರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಗಳ ಬರಹದಿಂದ, ಅವರ ಹೆಸರನ್ನೇ ಹೇಳದೆ, ತೆಗೆದುಕೊಂಡುದೆಂದು ಸಿಲ್ವಿಯಾ ಮುರ್ ಎಂಬ ವಿದುಷಿಯು ೧೯೮೭ರಲ್ಲಿ ತೋರಿಸಿಕೊಟ್ಟಳು. ಈ ಕರ್ದೂರವರು ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಇರುವ ನಂಟನ್ನು ೧೭೬೭ರಷ್ಟು ಹಿಂದೆಯೇ ಪ್ಯಾರಿಸಿನ ಪಂಡಿತರಿಗೆ ಬರೆದು ತಿಳಿಸಿದವರು. ಪಕ್ಕದವನ ಹಲಗೆಯನ್ನು ನೋಡಿ ಬರೆದ ಹುಡುಗರನ್ನು ಬಹುಕಾಲ ದಂಡಿಸಿದ ನಾವು ಇದನ್ನು ಸಣ್ಣ ತಪ್ಪೆನ್ನಲಾರೆವು.

ದುಬಾಯ್‌ರವರು ೧೮೨೩ರ ಜನವರಿಯಲ್ಲಿ ಈ ದೇಶವನ್ನು ಬಿಟ್ಟರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಷ್ಟು ವರ್ಷಗಳಲ್ಲಿ ತಮ್ಮಿಂದ ಮತಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಆಸೆಯೇ ವ್ಯರ್ಥವೆಂದೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಪ್ಯಾರಿಸಿನಲ್ಲಿ ೧೮೨೬ರಲ್ಲಿ ನಮ್ಮ ಪಂಚತಂತ್ರವನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. ಹಳಿದ ದೇಶದ ಕಥೆಗಳನ್ನು ಮರೆಯಲು ಅವರಿಂದಾಗಲಿಲ್ಲವೆಂದು ನಮಗೆ ತೋರುತ್ತದೆ. ೧೮೪೮ರಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮ ತೋಳಿನ ಮೇಲೆ ಬಾಲ್ಯದಲ್ಲಿ ದೇವಿ ಹಾಕಿಸಿದ ಗುರುತು ಇನ್ನೂ ಇದೆ. ನಮ್ಮ ಮಕ್ಕಳ ತೋಳಿನಲ್ಲಿ ಇಲ್ಲ. ಸಿಡುಬು ಲೋಕದಿಂದಲೇ ತೊಲಗಿತೆಂದು ೧೯೮೦ರಲ್ಲಿ ಸಾರಲಾಯಿತು. ಮೊನ್ನೆ ಮಿತ್ರರು ಮತ್ತೆ ಬಂದಾಗ ತೋಳನ್ನು ಮುಂದೆ ಚಾಚಿ, “ಪುಸ್ತಕದ ಜಗಳವು ನಮಗೂ ಅವರಿಗೂ ಇದ್ದೇ ಇರಲಿ, ಸ್ವಾಮಿ. ಮತಕ್ಕೆ ಬಂದವರನ್ನು ಎಣಿಸಿ ತಮ್ಮ ದುಡಿಮೆ ಸೋತಿತೆಂದುಕೊಂಡರಲ್ಲ, ಆ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಬೇಕಾಗಿತ್ತು” ಎಂದೆವು. ಅವರು ನಕ್ಕು ತಮ್ಮ ತೋಳನ್ನೂ ತೋರಿಸಿದರು. ಮುಂದಿನ ಭಾನುವಾರ ಇಬ್ಬರೂ ಗಂಜಾಮಿಗೆ ಹೋಗಿಬರುವುದೆಂದು ನಿಶ್ಚಯವಾಗಿದೆ.